ಅಪ್ಪ ಮಲಗಿದ್ದಾರೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕೆಲಸಗಾರ. ನಾನೇ ಕೇಳಿ ಹಾಕಿಸಿಕೊಂಡಿದ್ದ ಪಾಳಿ ಅದು. ರಾತ್ರಿ ಮೇಲಿನವರ ಕಾಟ ಕಡಿಮೆ ಎಂಬುದಷ್ಟೇ ಕಾರಣ. ಬೆಳಿಗ್ಗೆ ಏಳೂವರೆಗೆ ಕಾರ್ಖಾನೆಯ ಬಸ್ಸು ರಾಮಕೃಷ್ಣನಗರದಲ್ಲಿ ಇಳಿಸುತ್ತಿತ್ತು. ಅಲ್ಲಿಂದ ಐದು ನಿಮಿಷ ನಡೆದರೆ ನಮ್ಮ ಬಾಡಿಗೆ ಮನೆ: ಒಂದು ಹಾಲ್, ಒಂದು ರೂಮು, ಅಡುಗೆಮನೆ.

ಹಗಲು ನನಗೆ ನಿದ್ದೆ ಬರುತ್ತಿರಲಿಲ್ಲ. ಹತ್ತು ಗಂಟೆಗೆ ಕಣ್ಣು ಹತ್ತಿದರೆ ಹನ್ನೊಂದಕ್ಕೆ ಎಚ್ಚರವಾಗುತ್ತಿತ್ತು. ಮನೆಯ ಸದ್ದೇ ಇದಕ್ಕೆ ಕಾರಣ ಎಂದು ತೀರ್ಮಾನಿಸಿಕೊಂಡೆ. ಕುಕ್ಕರ್ ಕೂಗಬಾರದೆಂದು ಹೆಂಡತಿ ನಾನು ಬರುವುದರೊಳಗೆ ಅಡುಗೆ ಮುಗಿಸಿಡತೊಡಗಿದಳು. ಪಕ್ಕದ ಮನೆಯವರು ಮಾತಾಡಿಸಲು ಬಂದರೆ ಗೇಟಿನ ಹೊರಗೇ ನಿಂತು ಮಾತಾಡಿ ಕಳಿಸುತ್ತಿದ್ದಳು. ಮಗಳಿಗೆ ಆಗ ಮೂರು ವರ್ಷ. ಒಂದು ದಿನ ಅವಳು ಹಾಲ್‌ನಲ್ಲಿ ಓಡಾಡುವಾಗ ಎದ್ದು ಬಂದು, ಅವಳನ್ನು ಕೂರಿಸಿಕೊಂಡು ಕಾಲಿನ ಗೆಜ್ಜೆ ಬಿಚ್ಚಿದೆ. ಅವಳು ಅಳಲಿಲ್ಲ. ನಾನು ಬಿಚ್ಚುವುದನ್ನೇ ನೋಡುತ್ತಿದ್ದಳು. ಇನ್ನೊಂದು ದಿನ ಸ್ಟೀಲ್ ಲೋಟ ಬೀಳಿಸಿದಾಗ ಬೆನ್ನಿಗೆ ಒಂದು ಕೊಟ್ಟೆ. ಆಗಲೂ ಅಳು ಹೊರಗೆ ಬರದಂತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಹೋಗಿ ಮಲಗಿದೆ.

ಎರಡು ವರ್ಷ ಹೀಗೇ ನಡೆಯಿತು. ಮಗಳು ಶಾಲೆಗೆ ಸೇರಿ ಕೆಲವು ತಿಂಗಳಾದ ಮೇಲೆ ಟೀಚರ್ ನಮ್ಮಿಬ್ಬರನ್ನೂ ಕರೆಸಿದರು.

"ಅಕ್ಷರ ಎಲ್ಲಾ ಚೆನ್ನಾಗಿ ಬರೀತಾಳೆ. ಆದ್ರೆ ಬಾಯೇ ಬಿಡಲ್ಲ. ಏನ್ ಕೇಳಿದ್ರೂ ಕಿವಿ ಹತ್ರ ಬಂದು ಪಿಸುಗುಡ್ತಾಳೆ. ಮೊನ್ನೆ ಬಾಗಿಲಿಗೆ ಬೆರಳು ಸಿಕ್ಕಿಹಾಕ್ಕೊಂಡು ರಕ್ತ ಬಂದ್ರೂ ಕೂಗ್ಲಿಲ್ಲ. ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

ನಾವು ಬಾಯಿ ತೆರೆಯುವ ಮೊದಲೇ ಮಗಳು ಟೀಚರ್ ಸೆರಗು ಎಳೆದು ಪಿಸುಗುಟ್ಟಿದಳು: "ಅಪ್ಪ ಮಲ್ಗಿರ್ತಾರೆ."

ಟೀಚರ್ ನನ್ನ ಕಡೆ ನೋಡಿದರು. ನಾನು ನಕ್ಕು, "ಹಾಗೇನಿಲ್ಲ ಮೇಡಂ, ಹುಟ್ಟಿದಾಗಿಂದ್ಲೂ ಇವಳು ಹಿಂಗೇ. ಮೆತ್ತಗಿನ ಸ್ವಭಾವ" ಎಂದೆ. ಹೆಂಡತಿ ಪಕ್ಕದಲ್ಲೇ ಇದ್ದಳು. ವಾಪಸು ಬರುವಾಗ ಅರ್ಧ ದಾರಿಯಲ್ಲಿ ನಿಂತುಬಿಟ್ಟಳು.

"ಇವಳು ಹುಟ್ಟಿದಾಗ ಅತ್ತಿದ್ದು ಇಡೀ ವಾರ್ಡಿಗೆ ಕೇಳಿತ್ತು ಕಣ್ರೀ. ನೀವೇ ಹೊರಗಡೆ ನಿಂತ್ಕೊಂಡು ಕೇಳಿಸ್ಕೊಂಡಿದ್ರಿ."

ಮತ್ತೆ ನಡೆಯತೊಡಗಿದಳು. ನಾನು ಹಿಂದೆ ಹಿಂದೆ ಬಂದೆ.

ಮರುದಿನವೇ ಬಡಾವಣೆಯ ಡಾಕ್ಟರ ಬಳಿಗೆ ಹೋಗಿ ನಿದ್ದೆ ಮಾತ್ರೆ ಕೇಳಿದೆ. ವಯಸ್ಸಾದ ಮನುಷ್ಯ. ಮಾತ್ರೆ ಬರೆಯದೆ ನನ್ನ ದಿನಚರಿ ವಿಚಾರಿಸಿದರು. ರಾತ್ರಿಗೆ ಐದು ಟೀ, ಕೊನೆಯದು ಬೆಳಗಿನ ಆರಕ್ಕೆ. ಮನೆಗೆ ಬಂದು ಬಿಸಿಲಲ್ಲಿ ಕುಳಿತು ಪೇಪರ್, ಆಮೇಲೆ ಸ್ನಾನ, ತಿಂಡಿ, ಟಿವಿ. ಹತ್ತಕ್ಕೆ ಹಾಸಿಗೆ. ರಜಾ ದಿನ ಮಾತ್ರ ರಾತ್ರಿ ನಿದ್ದೆ. ಹಗಲು ಮನೆಯ ಸದ್ದಿಗೆ ಎಚ್ಚರವಾಗುತ್ತದೆ ಎಂದೂ ಹೇಳಿದೆ.

"ಮನೆ ಸದ್ದಿಗೂ ನಿಮ್ಮ ನಿದ್ದೆಗೂ ಅಂಥಾ ಸಂಬಂಧ ಇಲ್ಲ ಸ್ವಾಮಿ" ಎಂದರು. "ರಾತ್ರಿ ಎರಡರ ಮೇಲೆ ಟೀ ಮುಟ್ಬೇಡಿ. ಕಿಟಕಿಗೆ ದಪ್ಪ ಕಪ್ಪು ಬಟ್ಟೆ ಕಟ್ಟಿ. ಬಂದ ತಕ್ಷಣ ಸ್ವಲ್ಪ ತಿಂದು ಮಲಗ್ಬಿಡಿ. ದಿನಾ ಅದೇ ಹೊತ್ತಿಗೆ. ಫ್ಯಾನ್ ಜೋರಾಗಿರ್ಲಿ."

ಅಷ್ಟೇ. ಮೊದಲ ವಾರ ತಲೆನೋವು. ಎರಡನೇ ವಾರ ನಾಲ್ಕು ಗಂಟೆ ನಿದ್ದೆ ಬಂತು. ತಿಂಗಳು ಕಳೆಯುವಷ್ಟರಲ್ಲಿ ಒಂದು ದಿನ ಎಚ್ಚರವಾದಾಗ ಮಧ್ಯಾಹ್ನ ಮೂರು. ಹೊರಗೆ ಬಂದರೆ ಎದುರಿನ ಸೈಟಿನಲ್ಲಿ ಬೋರ್‌ವೆಲ್ ಲಾರಿ ನಿಂತಿತ್ತು, ರಸ್ತೆಯೆಲ್ಲಾ ಬಿಳಿ ಕೆಸರು.

"ಬೆಳಿಗ್ಗೆಯಿಂದ ಕೊರೀತಿದ್ರು. ನೀವು ಮಗ್ಗುಲೂ ಬದಲಾಯಿಸ್ಲಿಲ್ಲ" ಎಂದಳು ಹೆಂಡತಿ.

ಚೆನ್ನಾಗಿ ನಿದ್ದೆ ಮಾಡಿ ಎದ್ದವನಿಗೆ ಸಂತೋಷವಾಗಬೇಕಿತ್ತು. ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಭೂಮಿ ಕೊರೆಯುವ ಸದ್ದಿಗೆ ಏಳದವನು ಒಂದು ಮಗುವಿನ ಹೆಜ್ಜೆಗೆ ಎದ್ದು ಬಂದಿದ್ದೆ. ನನ್ನ ನಿದ್ದೆಗೆ ಎರಡು ವರ್ಷದ ಆ ಮೌನ ಬೇಕಾಗಿಯೇ ಇರಲಿಲ್ಲ.

ಮಗಳನ್ನು ದಟ್ಟಗಳ್ಳಿ ಕಡೆಯ ಖಾಲಿ ಸೈಟುಗಳಿಗೆ ಕರೆದುಕೊಂಡು ಹೋದೆ. ದೂರ ನಿಂತು, "ಜೋರಾಗಿ ಕೂಗು, ಅಪ್ಪಾ ಅನ್ನು" ಎಂದೆ. ಅವಳು ಓಡಿ ಬಂದು ನನ್ನ ಪ್ಯಾಂಟು ಹಿಡಿದು, "ನೀನು ಎದ್ದಿದ್ದೀಯಾ?" ಎಂದು ಪಿಸುಗುಟ್ಟಿದಳು. ಸಂಜೆಗಳಲ್ಲಿ ಎಷ್ಟೋ ಸಲ ಹೋದೆವು. ಬಾಯಿ ತೆರೆಯುವ ಮೊದಲು ಅವಳು ನನ್ನ ಮುಖ ನೋಡುವುದು ತಪ್ಪಲಿಲ್ಲ. ನನ್ನೆದುರು ಅಲ್ಲ, ಮುಂದಿನ ಬೇಸಿಗೆಯಲ್ಲಿ ಬೀದಿಯಲ್ಲಿ ಕುಂಟೆಬಿಲ್ಲೆ ಆಡುವಾಗ ಪಕ್ಕದ ಮನೆ ಹುಡುಗಿಯ ಮೇಲೆ ಅವಳ ಗಂಟಲು ತೆರೆಯಿತು. "ಗೆರೆ ತುಳಿದ್ಬುಟ್ಟೆ ಕಣೇ, ಔಟ್!" ಹೆಂಡತಿ ಒಲೆ ಆರಿಸಿ ಬಂದು ಕಿಟಕಿಯ ಹತ್ತಿರ ನಿಂತಳು. ನಾನೂ ಎದ್ದೆ, ಆದರೆ ಅವಳ ಪಕ್ಕದಲ್ಲಿ ಹೋಗಿ ನಿಲ್ಲಲು ಮುಖವಿರಲಿಲ್ಲ.

ಮಗಳು ಕಾಲೇಜು ಸೇರಿದ ಮೇಲೆ ಒಮ್ಮೆ ಧೈರ್ಯ ಮಾಡಿ ಗೆಜ್ಜೆಯ ಮಾತೆತ್ತಿದೆ. "ಬಿಡಪ್ಪ, ನಂಗದೆಲ್ಲ ನೆನಪೇ ಇಲ್ಲ" ಎಂದಳು. ನಿಜವಿರಬಹುದು.

ಟೀಚರ್‌ಗೆ ಹೇಳಿದ ಸುಳ್ಳನ್ನು ಮಾತ್ರ ನಾನು ಸರಿಪಡಿಸಲಿಲ್ಲ. ಮಗಳು ಆ ಶಾಲೆ ಬಿಡುವವರೆಗೂ, ಬೆಳಿಗ್ಗೆ ಬಸ್ಸಿಳಿಯುವಾಗ ಆ ಟೀಚರ್ ಎದುರಾದರೆ ಅಂಗಡಿಯ ಕಡೆ ಮುಖ ತಿರುಗಿಸಿ ಏನೋ ಕೊಳ್ಳುವವನಂತೆ ನಿಲ್ಲುತ್ತಿದ್ದೆ.