ಮುದ್ದಿಗೆ ಉಳಿದ ಒಂದೇ ಊಟ

ಏಕಾಂತಮ್ಮ ಹುಟ್ಟಿದ್ದು ಕುರಿ ಕಾಯುವವರ ಮನೆಯಲ್ಲಿ. ಹಿಂಡು ಹೊಡೆದುಕೊಂಡು ಊರೂರು ತಿರುಗುವಾಗ ಯಾರದೋ ಹೊಲದಲ್ಲಿ ಮೂರು ಕಲ್ಲು ಹೂಡಿ ಅವ್ವ ಏನು ಬೇಯಿಸಿದರೆ ಅದನ್ನೇ ತಿಂದು ಬೆಳೆದವಳು. ರೊಟ್ಟಿಯ ಮೇಲೆ ಮಣ್ಣು ಬಿದ್ದರೆ ಕೊಡವಿ ತಿಂದಳು. ಹಾಲು ಒಡೆದರೆ ಬೆಲ್ಲ ಕಲಸಿ ತಿಂದಳು. ಊಟ ಬೇಡ ಅನ್ನುವುದು ಜ್ವರ ಬಂದವರ ಮಾತು ಎಂದಷ್ಟೇ ಅವಳಿಗೆ ಗೊತ್ತಿತ್ತು.

ತಾಳ್ಯದ ಸಣ್ಣತಿಮ್ಮಪ್ಪನಿಗೆ ಅವಳನ್ನು ಕೊಟ್ಟರು. ಅವನು ಕುರಿಗಳನ್ನು ಅಣ್ಣನ ಪಾಲಿಗೆ ಬಿಟ್ಟು ಚಿತ್ರದುರ್ಗಕ್ಕೆ ಬಂದು ಕೆಂಚಣ್ಣ ಎಂಬವರ ಮಂಡಕ್ಕಿ ಭಟ್ಟಿಗೆ ಸೇರಿಕೊಂಡಿದ್ದ. ಭಟ್ಟಿಯ ಹಿಂದೆಯೇ ಶೀಟು ಹೊದಿಸಿದ ಒಂದು ಕೋಣೆ, ಅದೇ ಮನೆ. ಗಂಡ ಉರಿಯ ಮುಂದೆ ನಿಂತು ಕಾದ ಮರಳಿನಲ್ಲಿ ಅಕ್ಕಿ ಅರಳಿಸುತ್ತಿದ್ದ, ಹೆಂಡತಿ ಜರಡಿ ಹಿಡಿದು ಮರಳು ಬೇರೆ ಮಾಡುತ್ತಿದ್ದಳು. ಹೊಸ ಶತಮಾನ ಶುರುವಾದ ಹೊಸದರಲ್ಲಿ ಅವರಿಗೆ ಮಗಳು ಹುಟ್ಟಿದಳು. ಮುತ್ತಜ್ಜಿಯ ಹೆಸರು ಮುದ್ದಕ್ಕ ಎಂದು ಇಟ್ಟರು, ಮುದ್ದಿ ಎಂದು ಕರೆದರು.

ಮೊದಲ ಸಲ ರಾಗಿ ಸರಿ ತಿನ್ನಿಸಿದ ದಿನವೇ ಏಕಾಂತಮ್ಮನಿಗೆ ಏನೋ ತಪ್ಪಿದೆ ಅನ್ನಿಸಿತ್ತು. ಕೂಸು ಬೆನ್ನನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿಸಿ, ಉಸಿರು ಕಟ್ಟಿ, ನೀಲಿಯಾಗುವಷ್ಟು ಅತ್ತಿತು. ರುಚಿ ಹಿಡಿಸದ ಮಕ್ಕಳು ಮುಖ ಹುಳ್ಳಗೆ ಮಾಡುವುದನ್ನು ಅವಳು ನೋಡಿದ್ದಳು. ಇದು ಹಾಗಿರಲಿಲ್ಲ. ಬಾಯಿಗೆ ಕೆಂಡ ಇಟ್ಟವರ ಅಳು.

ಆಮೇಲೆ ಹೇಗೋ ಕೆಲವು ಒಗ್ಗಿದವು. ಹಾಲನ್ನ, ಇಡ್ಲಿ, ಬಾಳೆಹಣ್ಣು, ಒಂದು ಬಗೆಯ ಬಿಸ್ಕತ್ತು, ಮಂಡಕ್ಕಿ. ಮಾತು ಬರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ, ಜರಡಿ ಅಲ್ಲಾಡುವುದನ್ನು ಮಾತ್ರ ಎಷ್ಟು ಹೊತ್ತಾದರೂ ನೋಡುತ್ತ ಕೂರುತ್ತಿದ್ದಳು. ತಡವಾಗಿ ಮಾತು ಬರೋ ಮಕ್ಕಳು ಇರ್ತಾವೆ ಬಿಡು ಎಂದು ಎಲ್ಲರೂ ಅಂದರು. ಏಕಾಂತಮ್ಮ ಮಾತಿನ ಚಿಂತೆ ಬಿಟ್ಟಳು. ಅವಳನ್ನು ಹೆದರಿಸಿದ್ದು ತಟ್ಟೆ.

ತಟ್ಟೆಯಿಂದ ಒಂದೊಂದೇ ಪದಾರ್ಥ ಕಾಣೆಯಾಗತೊಡಗಿತ್ತು. ಒಂದು ದಿನ ಬಾಳೆಹಣ್ಣಿನೊಳಗೆ ಕಪ್ಪು ಕಲೆ ಇತ್ತು. ಅವತ್ತಿನಿಂದ ಬಾಳೆಹಣ್ಣು ಕಂಡರೆ ಮುದ್ದಿ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದಳು. ಹಾಲನ್ನದಲ್ಲಿ ಕೆನೆಯ ಎಳೆ ನಾಲಿಗೆಗೆ ಸಿಕ್ಕಿತು. ಹಾಲನ್ನ ಹೋಯಿತು, ಅದರ ಹಿಂದೆಯೇ ಹಾಲೂ ಹೋಯಿತು. ಇಡ್ಲಿ ಯಾಕೆ ಬಿಟ್ಟಳೋ ತಿಳಿಯಲೇ ಇಲ್ಲ. ಬಿಟ್ಟದ್ದು ಯಾವುದೂ ತಿರುಗಿ ಬರಲಿಲ್ಲ. ಐದು ತುಂಬುವ ಹೊತ್ತಿಗೆ ಉಳಿದದ್ದು ಬಿಸ್ಕತ್ತು, ಸಕ್ಕರೆ ನೀರು, ಮಂಡಕ್ಕಿ. ಮಂಡಕ್ಕಿಯೂ ಅಪ್ಪ ಹುರಿದದ್ದೇ ಆಗಬೇಕು. ಅರಿಶಿನ ಸೋಕಬಾರದು, ಒಗ್ಗರಣೆಯ ವಾಸನೆ ಹತ್ತಿರ ಸುಳಿಯಬಾರದು. ಕಂದಿದ ಕಾಳನ್ನು ಎರಡು ಬೆರಳಲ್ಲಿ ಎತ್ತಿ ದೂರ ಇಟ್ಟು, ಬೆಳ್ಳಗಿರುವುದನ್ನು ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಪಕ್ಕದ ಮನೆಯ ಈರುಳ್ಳಿ ಹುರಿದ ಘಾಟು ಬಂದರೂ ವಾಂತಿಯಾಗುತ್ತಿತ್ತು. ಏಕಾಂತಮ್ಮ ಸಾರಿಗೆ ಒಗ್ಗರಣೆ ಹಾಕುವುದನ್ನೇ ಬಿಟ್ಟಳು.

ಆ ವರ್ಷ ದಸರೆಗೆ ತಾಳ್ಯಕ್ಕೆ ಹೋದರು. ಅತ್ತೆ ನಿಂಗಕ್ಕ ಕೆಟ್ಟವಳಲ್ಲ. ಎಂಟು ಮಕ್ಕಳನ್ನು ಹೆತ್ತು ಐವರನ್ನು ಉಳಿಸಿಕೊಂಡವಳು. ಮಂಡಕ್ಕಿಯ ಡಬ್ಬಿ ನೋಡಿ ಅವಳಿಗೆ ಸಿಟ್ಟು ಬಂತು.

"ಇದೇನೇ ಇದು, ಹಕ್ಕಿಗೆ ಹಾಕ್ದಂಗೆ ಹಾಕ್ತೀಯ? ಹಟ ಕಲ್ಸಿದ್ದೀಯ ನೀನು. ಡಬ್ಬಿ ಇಲ್ಲಿ ಕೊಡು. ಹಸಿದ್ರೆ ಎಲ್ಲಾನೂ ತಿಂತಾಳೆ."

"ಹಂಗಲ್ಲ ಅತ್ತೆ, ಅವ್ಳು ತಿನ್ನಲ್ಲ."

"ಹಸ್ಕಂಡು ಸತ್ತ ಮಗೂನ ಅಡಿಗೆಮನೇಲಿ ಯಾರೂ ನೋಡಿಲ್ಲ ಬಿಡು."

ನಿಂಗಕ್ಕ ಡಬ್ಬಿಯನ್ನು ಅಟ್ಟದ ಮೇಲಿಟ್ಟಳು. ಮುದ್ದಿ ಡಬ್ಬಿ ಹೋದ ಕಡೆ ಒಮ್ಮೆ ನೋಡಿದಳು. ಕೇಳಲಿಲ್ಲ, ಅಳಲಿಲ್ಲ. ಅನ್ನ ಇಟ್ಟರು, ಮುಟ್ಟಲಿಲ್ಲ. ಮುದ್ದೆ ಇಟ್ಟರು, ಮುಖ ತಿರುಗಿಸಿದಳು. ಹೋಳಿಗೆಯ ವಾಸನೆಗೆ ಹಿತ್ತಲಿಗೆ ಓಡಿದಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ಗೋಡೆಯ ಬುಡದಲ್ಲಿ ಮಲಗಿಬಿಟ್ಟಳು. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಕಣ್ಣು ತೆರೆದೇ ಇತ್ತು. ಹಸಿದ ಮಕ್ಕಳು ಅಡಿಗೆಮನೆಯ ಸುತ್ತ ಸುಳಿಯುತ್ತವೆ, ಸೆರಗು ಎಳೆಯುತ್ತವೆ. ಈ ಮಗು ಹಸಿವಿನಿಂದ ದೂರ ದೂರ ಹೋಗುತ್ತಿತ್ತು. ಏಕಾಂತಮ್ಮ ಅತ್ತೆಯ ಮುಖ ನೋಡಿದಳು. ನಿಂಗಕ್ಕನ ಕಣ್ಣಲ್ಲೂ ಮೊದಲಿನ ಧೈರ್ಯ ಇರಲಿಲ್ಲ. ಆ ಹೆದರಿಕೆಯೇ ಅವಳಿಂದ ಮುಂದಿನ ಕೆಲಸ ಮಾಡಿಸಿತು.

"ತಿಮ್ಮ, ಕೈ ಹಿಡ್ಕಳೋ. ಒಂದು ತುತ್ತು ಒಳಗೆ ಹೋದ್ರೆ ರುಚಿ ಹತ್ತುತ್ತೆ."

ಸಣ್ಣತಿಮ್ಮಪ್ಪ ಮಗಳ ಕೈಗಳನ್ನು ಹಿಡಿದ. ನಿಂಗಕ್ಕ ಮೂಗು ಒತ್ತಿ, ಬಾಯಿ ತೆರೆದದ್ದೇ ಸಾರಿನಲ್ಲಿ ಅದ್ದಿದ ಮುದ್ದೆಯ ತುತ್ತನ್ನು ಒಳಗೆ ತಳ್ಳಿದಳು. ಮುದ್ದಿ ಕಿರುಚಲಿಲ್ಲ, ಕಿರುಚಲು ಉಸಿರಿರಲಿಲ್ಲ. ಮುಖ ಕೆಂಪಾಯಿತು, ಆಮೇಲೆ ಕಪ್ಪಾಯಿತು, ಹಿಮ್ಮಡಿಗಳು ನೆಲಕ್ಕೆ ಬಡಿದವು.

"ಬಿಡ್ರೀ!" ಏಕಾಂತಮ್ಮ ಗಂಡನನ್ನು ನೂಕಿ, ಮಗಳನ್ನು ತೊಡೆಯ ಮೇಲೆ ಬೋರಲು ಹಾಕಿ ಬೆನ್ನಿಗೆ ಗುದ್ದಿದಳು. ತುತ್ತು ಹೊರಗೆ ಬಿತ್ತು. ಮಗುವಿಗೆ ಉಸಿರು ಬಂತು. ನಿಂಗಕ್ಕನೇ ಅಟ್ಟ ಹತ್ತಿ ಡಬ್ಬಿ ಇಳಿಸಿ, ಮೊಮ್ಮಗಳ ಮುಂದಿಟ್ಟು, "ತಿನ್ನವ್ವ, ನಿಂದೇ ಇದು, ತಿನ್ನು ನಮ್ಮವ್ವ" ಎಂದು ಕೈ ಮುಗಿದಳು. ಮುದ್ದಿ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು.

ಚಿತ್ರದುರ್ಗಕ್ಕೆ ಬಂದು ಭಟ್ಟಿಯ ಪಕ್ಕದ ತನ್ನ ಮೂಲೆಯಲ್ಲಿ ಕೂತ ಮೇಲೆ ಮಂಡಕ್ಕಿ ಮುಟ್ಟಿದಳು. ಬಿಸ್ಕತ್ತನ್ನು ಮುಟ್ಟಲಿಲ್ಲ. ಅದೂ ಹೋಯಿತು.

ಮಳೆಗಾಲ ಬರುವ ಹೊತ್ತಿಗೆ ಮುದ್ದಿ ಕುಂಟತೊಡಗಿದಳು. ಎಲ್ಲೋ ಬಿದ್ದಿರಬೇಕೆಂದು ಎಣ್ಣೆ ಹಚ್ಚಿದರೆ ಮುಟ್ಟಿದಲ್ಲೆಲ್ಲ ಚೀರಿದಳು. ಸ್ವಲ್ಪ ದಿನಕ್ಕೆ ನಿಲ್ಲುವುದನ್ನೇ ಬಿಟ್ಟಳು. ಕಪ್ಪೆಯ ಹಾಗೆ ಕಾಲು ಮಡಿಸಿಕೊಂಡು ಮಲಗಿರುತ್ತಿದ್ದಳು. ಮೊಣಕಾಲ ಕೆಳಗೆ ನೀಲಿ ನೀಲಿ ಕಲೆಗಳು ಎದ್ದವು. ನೀರು ಹಿಡಿಯಲು ಬಂದ ಪಕ್ಕದ ಮನೆಯ ತಿಪ್ಪಮ್ಮ ಅದನ್ನು ನೋಡಿ, ಕೊಡ ಕೆಳಗಿಟ್ಟು, ಮೆತ್ತಗೆ ಕೇಳಿದಳು:

"ನಿಜ ಹೇಳೇ ಏಕಾಂತಿ, ನಿನ್ನ ಗಂಡ ಮಗೀಗೆ ಹೊಡೀತಾನೇನು?"

"ಅಯ್ಯೋ ಇಲ್ಲ ಕಣಕ್ಕ."

ತಿಪ್ಪಮ್ಮ ನಂಬಲಿಲ್ಲ. ಬೀದಿಯ ಹೆಂಗಸರು ಸಣ್ಣತಿಮ್ಮಪ್ಪ ಎದುರಾದರೆ ಮಾತು ನಿಲ್ಲಿಸತೊಡಗಿದರು. ಇನ್ನು ಕೆಲವರು ಬೆಟ್ಟದ ಕಡೆಯ ಗಾಳಿ ಸೋಕಿದೆ ಅಂದರು. ತಾಯತ ಕಟ್ಟಿಸಿದ್ದಾಯಿತು; ದಾರ ಮೈಗೆ ತಾಗುವುದನ್ನು ತಾಳದೆ ಮುದ್ದಿ ಅದನ್ನು ಕಿತ್ತೆಸೆದಳು. ಒಬ್ಬ ಡಾಕ್ಟರು ಪೆಟ್ಟಾಗಿದೆ ಎಂದು ಮುಲಾಮು ಕೊಟ್ಟರು. ಇನ್ನೊಬ್ಬರು ಕಲೆಗಳನ್ನು ಒತ್ತಿ ನೋಡಿ, ಸಣ್ಣತಿಮ್ಮಪ್ಪನನ್ನು ಹೊರಗೆ ಕರೆದು, ರಕ್ತದ ಕ್ಯಾನ್ಸರ್ ಇದ್ದರೂ ಇರಬಹುದು ಅಂದರು. ಅವನು ಆ ಮಾತನ್ನು ಹೆಂಡತಿಗೆ ಹೇಳಲಿಲ್ಲ. ಉರಿಯ ಮುಂದೆ ನಿಂತು ಮಂಡಕ್ಕಿ ಕರಕಲು ಮಾಡಿದ. ಯಾವತ್ತೂ ಕರಕಲು ಮಾಡದವನು ಹೀಗೆ ಮಾಡಿದ್ದನ್ನು ಕಂಡು, ಡಾಕ್ಟರು ಏನೋ ಕೆಟ್ಟದ್ದು ಹೇಳಿದ್ದಾರೆಂದು ಅವಳಿಗೆ ಅರ್ಥವಾಯಿತು.

ಮಾರನೆಯ ದಿನ ತಟ್ಟೆ ತೊಳೆಯಲು ಎತ್ತಿಕೊಂಡಾಗ ಏಕಾಂತಮ್ಮನ ಕೈ ನಿಂತಿತು. ಮುದ್ದಿ ಅರ್ಧ ಕಡಿದು ಬಿಟ್ಟ ಮಂಡಕ್ಕಿಯ ಕಾಳುಗಳ ಮೇಲೆ ರಕ್ತ ಇತ್ತು. ಮಗಳ ತುಟಿ ಸರಿಸಿ ನೋಡಿದಳು. ಒಸಡುಗಳು ಊದಿ, ನೇರಳೆ ಬಣ್ಣಕ್ಕೆ ತಿರುಗಿ, ಹಲ್ಲುಗಳನ್ನು ಅರ್ಧ ಮುಚ್ಚಿದ್ದವು.

"ಏಳ್ರಿ, ಹೋಗಾಣ. ದೊಡ್ಡಾಸ್ಪತ್ರೆಗೆ ಹೋಗಾಣ," ಅಂದಳು.

ದೊಡ್ಡಾಸ್ಪತ್ರೆಯ ಮಕ್ಕಳ ಡಾಕ್ಟರು ವಯಸ್ಸಾದ ಹೆಂಗಸು. ರಕ್ತ ತೆಗೆಸಿದರು, ಎಕ್ಸ್‌ರೇ ತೆಗೆಸಿದರು. ಆ ಎಕ್ಸ್‌ರೇ ಹಿಡಿದು ಬಹಳ ಹೊತ್ತು ಬೆಳಕಿಗೆ ನೋಡಿ ಕೇಳಿದರು:

"ಏನು ತಿಂತಾಳಮ್ಮ ಇವಳು?"

"ಮಂಡಕ್ಕಿ."

"ಮತ್ತೆ?"

"ಸಕ್ಕರೆ ನೀರು."

"ಹಣ್ಣು? ತರಕಾರಿ? ಹಾಲು?"

ಏಕಾಂತಮ್ಮ ಇಲ್ಲವೆಂದು ತಲೆಯಾಡಿಸಿದಳು. ಬೈಯುತ್ತಾರೆಂದು ತಲೆ ತಗ್ಗಿಸಿದಳು. ಡಾಕ್ಟರು ಬೈಯಲಿಲ್ಲ. ಕ್ಯಾನ್ಸರ್ ಅಲ್ಲ, ಪೆಟ್ಟೂ ಅಲ್ಲ, ಹಣ್ಣು ತರಕಾರಿಯಲ್ಲಿರುವ ಸಿ ವಿಟಮಿನ್ ಒಂದಿಷ್ಟೂ ಮೈಗೆ ಸೇರದೆ ಎಲುಬಿನ ಸುತ್ತ, ಒಸಡಿನಲ್ಲಿ ರಕ್ತ ಜಿನುಗುತ್ತಿದೆ ಎಂದು ಬಿಡಿಸಿ ಹೇಳಿದರು. ಆಮೇಲೆ ಮುದ್ದಿ ಮಂಚದ ಕಂಬಿಯ ಮೇಲೆ ಬೆರಳಾಡಿಸುವುದನ್ನು ನೋಡುತ್ತ, "ಇವಳು ಹೀಗಿರೋದಕ್ಕೆ ಆಟಿಸಂ ಅಂತಾರೆ. ಹುಟ್ಟಿನಿಂದ ಬಂದದ್ದು. ನಮ್ಮ ನಾಲಿಗೆಗೆ ಗೊತ್ತೇ ಆಗದ ಸಣ್ಣ ವ್ಯತ್ಯಾಸ ಇವಳಿಗೆ ಮುಳ್ಳು ಚುಚ್ಚಿದ ಹಾಗೆ. ಹಟ ಅಲ್ಲ ಇದು. ಇಂಥ ಕೆಲವು ಮಕ್ಕಳು ಹಸಿದರೂ ತಿನ್ನೋದಿಲ್ಲ" ಅಂದರು.

ಸಣ್ಣತಿಮ್ಮಪ್ಪ ಎದ್ದು ವಾರ್ಡಿನ ಹೊರಗೆ ಹೋದ. ತಾಳ್ಯದಲ್ಲಿ ಆ ಕೈಗಳನ್ನು ಹಿಡಿದವನು ಅವನೇ ಆಗಿದ್ದ.

ಸೂಜಿಯಲ್ಲಿ ಕೊಟ್ಟ ಔಷಧಿ ಬೇಗ ಹತ್ತಿತು. ರಕ್ತ ನಿಂತಿತು, ನೋವು ಇಳಿಯಿತು, ಕೆಲವು ವಾರಗಳಲ್ಲಿ ಮುದ್ದಿ ಗೋಡೆ ಹಿಡಿದು ಹೆಜ್ಜೆ ಇಟ್ಟಳು. ಮನೆಗೆ ಹೊರಡುವಾಗ ಡಾಕ್ಟರು ಚೀಪುವ ಮಾತ್ರೆ ಕೊಟ್ಟು ಎಚ್ಚರಿಸಿದರು: "ಇದನ್ನ ಬೇರೆಯಾಗಿಯೇ ಇಡಿ. ಮಂಡಕ್ಕಿ ಒಳಗೆ ಮಾತ್ರ ಏನನ್ನೂ ಕದ್ದು ಬೆರೆಸಬೇಡಿ. ಅವಳು ನಂಬಿರೋದು ಅದೊಂದನ್ನೇ. ಅದೂ ಹೋದರೆ ಕಷ್ಟ."

ಮಾತ್ರೆ ಎಂದೂ ಒಂದೇ ಗಾತ್ರ, ಒಂದೇ ಹುಳಿ. ಬಹುಶಃ ಅದಕ್ಕೇ ಇರಬೇಕು, ಅದು ಮುದ್ದಿಗೆ ಹಿಡಿಸಿತು. ಮುದ್ದಿ ಅಂಗಳದಲ್ಲಿ ಓಡಾಡಿದ್ದನ್ನು ಕಂಡು ತಿಪ್ಪಮ್ಮ ಸಣ್ಣತಿಮ್ಮಪ್ಪನನ್ನು ಮತ್ತೆ ಮಾತಾಡಿಸಿದಳು. ಅವನು ನಕ್ಕ. ಏಕಾಂತಮ್ಮನಿಗೆ ಮಾತ್ರ ಡಾಕ್ಟರ ಕೊನೆಯ ಮಾತು ಕಿವಿಯಲ್ಲಿ ಉಳಿದುಬಿಟ್ಟಿತ್ತು. ಉರಿ ಆರಿದರೆ, ಅಕ್ಕಿ ಬದಲಾದರೆ, ಮಳೆಗೆ ಮಂಡಕ್ಕಿ ಮೆತ್ತಗಾದರೆ ಅವಳು ಮೊದಲು ಮಗಳ ತಟ್ಟೆಯ ಕಡೆ ನೋಡುತ್ತಿದ್ದಳು.

ಎರಡನೆಯ ಬೇಸಿಗೆಗೆ ಕೆಂಚಣ್ಣ ಗಂಡ ಹೆಂಡತಿಯನ್ನು ಕರೆದರು.

"ಹೊಗೆ ಅಂತ ಸುತ್ತಮುತ್ತ ಮನೆಯೋರು ತಕರಾರು ಎತ್ತವ್ರೆ. ನಂಗೂ ಸಾಕಾಗೈತೆ. ದೀಪಾವಳಿಗೆ ಭಟ್ಟಿ ಆರಿಸಿಬಿಡ್ತೀನಿ. ಆಚೆ ಗೊಲ್ಲಪ್ಪನ ಭಟ್ಟೀಲಿ ನಿಮ್ಗೆ ಕೆಲಸ ಹೇಳೀನಿ."

ಕೆಲಸದ ಮಾತು ಏಕಾಂತಮ್ಮನಿಗೆ ಕೇಳಿಸಲೇ ಇಲ್ಲ. ಅವತ್ತೇ ಗೊಲ್ಲಪ್ಪನ ಭಟ್ಟಿಗೆ ನಡೆದುಹೋಗಿ ಒಂದು ಹಿಡಿ ಮಂಡಕ್ಕಿ ತಂದಳು. ತಾನು ತಿಂದು ನೋಡಿದಳು, ಗಂಡನಿಗೆ ಕೊಟ್ಟಳು. ಇಬ್ಬರಿಗೂ ಭೇದ ತಿಳಿಯಲಿಲ್ಲ. ಮುದ್ದಿ ಒಂದು ಕಾಳನ್ನು ತುಟಿಗೆ ತಾಗಿಸಿದಳು. ಕೆಳಗಿಟ್ಟಳು. ಆಮೇಲೆ ತನ್ನ ತಟ್ಟೆಯನ್ನೂ ದೂರ ಸರಿಸಿ, ಆ ಹೊತ್ತು ಏನನ್ನೂ ತಿನ್ನಲಿಲ್ಲ.

ಡಾಕ್ಟರನ್ನು ಕೇಳಿ ಬಂದು, ಅವರು ಹೇಳಿಕೊಟ್ಟ ಹಾಗೆ, ಹೊಸ ಮಂಡಕ್ಕಿಯನ್ನು ದಿನವೂ ಬೇರೆ ತಟ್ಟೆಯಲ್ಲಿ ದೂರವಿಟ್ಟಳು. ತಿನ್ನು ಎನ್ನಲಿಲ್ಲ, ನೋಡಲೂ ಇಲ್ಲ. ಮುದ್ದಿ ಕೆಲವು ಸಲ ಮುಟ್ಟಿದಳು, ಒಮ್ಮೆ ಕಡಿದು ಉಗಿದಳು. ಕೆಂಚಣ್ಣ ಅವರನ್ನು ಕೋಣೆಯಲ್ಲೇ ಇರಲು ಬಿಟ್ಟು, ಕೊನೆಯ ಉರಿಯ ಮಂಡಕ್ಕಿಯನ್ನೆಲ್ಲ ಅವರಿಗೇ ಕೊಟ್ಟರು. ಮೇಣದಿಂದ ಬಾಯಿ ಮುಚ್ಚಿದ ಡಬ್ಬಿಗಳು ಕೋಣೆಯ ಒಂದು ಗೋಡೆಯುದ್ದ ನಿಂತವು. ಗೊಲ್ಲಪ್ಪನ ಭಟ್ಟಿಯಲ್ಲಿ ಅಪ್ಪನೇ ಹುರಿದು ತಂದದ್ದನ್ನೂ ಮುದ್ದಿ ತಿನ್ನಲಿಲ್ಲ; ಅಲ್ಲಿಯ ಅಕ್ಕಿ ಬೇರೆ, ಮರಳು ಬೇರೆ. ಡಬ್ಬಿಗಳು ಒಂದೊಂದೇ ಖಾಲಿಯಾದವು. ಕೊನೆಯದು ತಳ ಕಂಡ ದಿನ ಮುದ್ದಿ ಅದರೊಳಗೆ ಕೈಯಾಡಿಸಿ, ಖಾಲಿ ಡಬ್ಬಿಯನ್ನು ಅಪ್ಪಿಕೊಂಡು ಮಲಗಿದಳು.

ಈ ಸಲ ಏಕಾಂತಮ್ಮ ಕಾಯಲಿಲ್ಲ. ತುಟಿ ಒಣಗುವ ಮೊದಲೇ ಆಸ್ಪತ್ರೆಗೆ ಎತ್ತಿಕೊಂಡು ಹೋದಳು. ಮೂಗಿನಿಂದ ನಳಿಕೆ ಇಳಿಸಿ ಆಹಾರ ಕೊಟ್ಟರು. ನಳಿಕೆ ಕೀಳದ ಹಾಗೆ ಮಗಳ ಕೈ ಹಿಡಿದು ಕೂರುವುದು ತಾಯಿಯ ಪಾಲಿಗೆ ಬಂತು. ಹಿಡಿಯುವಾಗಲೆಲ್ಲ ಮುದ್ದಿ ಅವಳ ಮುಖವನ್ನು ನೋಡುತ್ತಿದ್ದಳು. 

ನಳಿಕೆ ತೆಗೆದು ಮನೆಗೆ ಬಂದ ಮೇಲೆ, ಒಂದು ಮಧ್ಯಾಹ್ನ, ಯಾಕೆಂದು ಯಾರಿಗೂ ತಿಳಿಯದು, ಮುದ್ದಿ ತಾನಾಗಿ ಎದ್ದು ದೂರದ ತಟ್ಟೆಯ ಹತ್ತಿರ ಕುಳಿತು ಗೊಲ್ಲಪ್ಪನ ಮಂಡಕ್ಕಿಯನ್ನು ಆರಿಸತೊಡಗಿದಳು. ಕಂದಿದ್ದನ್ನು ಪಕ್ಕಕ್ಕಿಟ್ಟಳು. ಬಿಳಿಯದನ್ನು ತಿಂದಳು. ಏಕಾಂತಮ್ಮ ಬಾಗಿಲ ಬಳಿಯೇ ನಿಂತಿದ್ದಳು, ಒಳಗೆ ಬರಲು ಧೈರ್ಯವಾಗದೆ.

ಮುದ್ದಿಗೆ ಈಗ ಹನ್ನೆರಡು. ಕೆಲವು ಮಾತು ಆಡುತ್ತಾಳೆ, ಜರಡಿ ಹಿಡಿಯುತ್ತಾಳೆ. ಮಂಡಕ್ಕಿ, ಮಾತ್ರೆ, ಡಾಕ್ಟರು ಬರೆದುಕೊಟ್ಟ ಒಂದು ಹಿಟ್ಟನ್ನು ಕದಡಿದ ನೀರು, ಇಷ್ಟು ಅವಳ ಊಟ. ಹೋದ ತಿಂಗಳು ಗೊಲ್ಲಪ್ಪ ಉರಿಯ ಮುಂದೆ ಕೂತು ಕೆಮ್ಮುತ್ತಿದ್ದುದನ್ನು ಕಂಡು ಏಕಾಂತಮ್ಮ ಜರಡಿ ನಿಲ್ಲಿಸಿ ಕೇಳಿದಳು:

"ಅಣ್ಣಾರೆ, ಭಟ್ಟಿ ಇನ್ನೂ ಎಷ್ಟು ವರ್ಷ ನಡೆಸ್ತೀರಿ?"

"ನಾನಿರಾಗಂಟ ನಡೀತೈತೆ, ಹೆದರ್ಕಬ್ಯಾಡ," ಎಂದು ಅವರು ನಕ್ಕರು. ನಗು ಮುಗಿಯುವ ಮೊದಲೇ ಕೆಮ್ಮು ಮತ್ತೆ ಹತ್ತಿತು. ಅದು ನಿಲ್ಲಲಿ ಎಂದು ಏಕಾಂತಮ್ಮ ಕಾದಳು. ಬಹಳ ಹೊತ್ತು ನಿಲ್ಲಲಿಲ್ಲ.