ಮೈಲಾರವ್ವನ ಉಡಿಕಿ

ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಮೈಲಾರವ್ವನ ಅಳಿಯ ಹಾವು ಕಡಿದು ಸತ್ತ. ಮಗಳು ಮಲ್ಲಕ್ಕ ಅಂಬೆಗಾಲಿಡುವ ಕೂಸು ಕಸ್ತೂರಿಯನ್ನು ಎತ್ತಿಕೊಂಡು, ಅಣ್ಣಿಗೇರಿ ಹತ್ತಿರದ ಹಳ್ಳಿಯಲ್ಲಿದ್ದ ತವರಿಗೆ ಬಂದಳು. ಮೈಲಾರವ್ವನೂ ಗಂಡನಿಲ್ಲದವಳೇ. ಮನೆಯ ಯಜಮಾನಿಕೆ ಮೈದುನ ಹೊಳೆಪ್ಪನದು.

ವರ್ಷ ತುಂಬುವುದರೊಳಗೆ ಹೊಳೆಪ್ಪ ಒಂದು ಗಂಡು ಹುಡುಕಿದ. “ಅಳ್ನಾವರದಾಂವ, ವೈನಿ. ರೇಲ್ವೆ ಗ್ಯಾಂಗಿನ್ಯಾಗ ಅದಾನ, ಸರಕಾರಿ ಪಗಾರ. ಹೇಂತಿ ಸತ್ತಾಳ. ಉಡಿಕಿ ಮಾಡಿಕೊಳ್ಳಾಕ ತಯಾರ ಅದಾನ. ಖರೆ, ಕೂಸು ಬ್ಯಾಡ ಅಂತಾನ. ಅದನ್ನ ಅದರ ಅಪ್ಪನ ಮನಿಗೆ ಬಿಡೂದು ರೀತಿನ ಐತಲ್ಲ.”

ಗಂಡ ಸತ್ತವಳಿಗೆ ಮತ್ತೊಬ್ಬ ಸೀರೆ ಉಡಿಸಿ ಕರೆದೊಯ್ಯುವ ಉಡಿಕಿ ಅವರ ಕುಲದಲ್ಲಿ ಹೊಸದಲ್ಲ. ಮೈಲಾರವ್ವ ಈ ಮನೆಗೆ ಬಂದದ್ದೂ ಹಾಗೆಯೇ. ಮಗಳಿಗೆ ಏನು ಹೇಳಬೇಕೆಂದು ಅವಳು ರಾತ್ರಿಯೆಲ್ಲ ಲೆಕ್ಕ ಹಾಕಿದಳು. ಹೋಗು ಅಂದರೆ ಕೂಸಿನ ಗತಿ ಏನು? ಬೇಡ ಅಂದರೆ, ತಾನು ಕಣ್ಣು ಮುಚ್ಚಿದ ಮೇಲೆ ಮಗಳ ಗತಿ ಏನು?

ಮರುದಿನ ಹೊಲದಲ್ಲಿ ಹತ್ತಿ ಬಿಡಿಸುವಾಗ ಮಲ್ಲಕ್ಕ ತಾನೇ ಮಾತು ತೆಗೆದಳು. “ಅಣ್ಣಿಗೇರಿ ಹತ್ತಿ ಜಿನ್ನಿನ್ಯಾಗ ಹೆಣ್ಣಾಳು ತಗೋತಾರಂತ. ಹೋಗ್ಲೇನ ಬೇ?”

“ಒಬ್ಬಾಕಿ ಇದ್ರ ಕಂಡಕಂಡವರು ಬಾಗಿಲಾ ಬಡೀತಾರವ್ವ.”

“ಹಂಗಾರ ಅಳ್ನಾವರಕ್ಕ ಹೋಗ್ಲಿ? ನೀನೂ ಉಡಿಕಿ ಆಗೇ ಬಂದಾಕಿ. ನಿನಗ ಛಲೋನ ಆತಲ್ಲ?”

ಮೈಲಾರವ್ವ ಉಡಿಯಲ್ಲಿದ್ದ ಹತ್ತಿಯನ್ನು ನೆಲಕ್ಕೆ ಸುರಿದು ಅಲ್ಲೇ ಕೂತಳು.

“ಕುಬಿಹಾಳದಾಗ, ಮೊದಲಿನ ಗಂಡನ ಮನ್ಯಾಗ, ನನಗೊಂದು ಗಂಡು ಕೂಸಿತ್ತು. ಈರಪ್ಪ ಅಂತ. ನಾ ಹೊಸಾ ಸೀರಿ ಉಟ್ಟು ಹೊಂಡೂ ಹೊತ್ತಿಗೆ ಅತ್ತಿ ಅವನ್ನ ಹಿತ್ತಲಕ್ಕ ಎತಗೊಂಡು ಹೋದ್ಲು. ಅಲ್ಲಿಂದ ಅಳೂದು ಕೇಳಸ್ತಿತ್ತು.”

ಇದು ಮಲ್ಲಕ್ಕನಿಗೆ ಗೊತ್ತೇ ಇರಲಿಲ್ಲ. “ಈಗ ಎಲ್ಲಿ ಅದಾನ?”

“ಸಿಡುಬಿನಾಗ ಹೋತು. ಯಾರೂ ಹೇಳಿ ಕಳಿಸಲಿಲ್ಲ. ಎಷ್ಟೋ ದಿನಾ ಆದಮ್ಯಾಗ ಆ ಊರ ಬಳಿಗಾರ ಹೇಳಿದ. ನೀ ಆಗ ಹೊಟ್ಟ್ಯಾಗಿದ್ದಿ. ಅತ್ತರ ಇವರೇನಂತಾರೋ ಅಂತ ಒಲಿ ಮುಂದ ಕೂತು ರೊಟ್ಟಿ ಬಡದೆ.”

ಮಗಳು ತನ್ನ ಕೈ ಹಿಡಿದಾಳು ಅಂದುಕೊಂಡಿದ್ದಳು ಮೈಲಾರವ್ವ. ಮಲ್ಲಕ್ಕ ಎರಡು ಹೆಜ್ಜೆ ಹಿಂದೆ ಸರಿದಳು.

“ಒಮ್ಮೆನೂ ಹೋಗಿ ನೋಡಲಿಲ್ಲ?”

“ಹೋಗೂದು ರೀತಿ ಇರಲಿಲ್ಲವ್ವ.”

“ರೀತಿ,” ಅಂದಳು ಮಲ್ಲಕ್ಕ. ಹೊತ್ತು ಮುಳುಗುವವರೆಗೆ ಆಚೆ ಸಾಲಿನಲ್ಲಿ ಒಬ್ಬಳೇ ಹತ್ತಿ ಬಿಡಿಸಿದಳು.

ಅಳ್ನಾವರದವನಿಗೆ ಒಲ್ಲೆ ಅಂದಳು. “ಹಂಗಾರ ಈ ಮನ್ಯಾಗ ಜಾಗಾ ಇಲ್ಲ,” ಅಂದ ಹೊಳೆಪ್ಪ. ಮಲ್ಲಕ್ಕ ಗಂಟು ಕಟ್ಟಿದಳು. “ನಾನೂ ಬರ್ತೀನಿ, ಕೂಸಿನ್ನ ನೋಡಿಕೊಂಡಿರ್ತೀನಿ,” ಎಂದು ಮೈಲಾರವ್ವ ಹೊಸಿಲವರೆಗೆ ಹೋದಳು. “ನೀ ಬ್ಯಾಡ,” ಎಂದಳು ಮಗಳು, ತಿರುಗಿ ನೋಡದೆ.

ಅಣ್ಣಿಗೇರಿಯಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನ ಕೆಲಸ ಸಿಕ್ಕಿತು. ಅಲ್ಲೇ ದುಡಿಯುತ್ತಿದ್ದ ಶರೀಫಾಬಿ ತನ್ನ ಮನೆಯಲ್ಲಿ ಒಂದು ಕೋಣೆ ಕೊಟ್ಟಳು. ಸಂತೆಯ ದಿನ ಮೈಲಾರವ್ವ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದಳು. ಮಲ್ಲಕ್ಕ ರೊಟ್ಟಿ ತೆಗೆದುಕೊಳ್ಳುತ್ತಿದ್ದಳು, ಚಹಾ ಮಾಡಿ ಕೊಡುತ್ತಿದ್ದಳು. ಆದರೆ ಕೂಸು ಅಜ್ಜಿಯ ತೊಡೆಗೆ ಬಂದರೆ ಏನೋ ನೆಪ ತೆಗೆದು ಎತ್ತಿಕೊಂಡುಬಿಡುವಳು. ಕಸ್ತೂರಿ ಶರೀಫಾಬಿಯನ್ನೇ ಅಜ್ಜಿ ಅನ್ನತೊಡಗಿದಳು. ಹತ್ತಿಯ ಧೂಳಿಗೆ ಮಲ್ಲಕ್ಕನಿಗೆ ಕೆಮ್ಮು ಹತ್ತಿತು; ಮೈ ಇಳಿಯಿತು.

ಊರಿಗೆ ಮರಳುವ ದಾರಿಯುದ್ದಕ್ಕೂ ಮೈಲಾರವ್ವ ಒಂದನ್ನೇ ಯೋಚಿಸುತ್ತಿದ್ದಳು. ತಾನು ಬಾಯಿಬಿಟ್ಟದ್ದು ಮಗಳಿಗಾಗಿಯೋ, ತನ್ನ ಎದೆ ಹಗುರಾಗಲೆಂದೋ? ಸುಮ್ಮನಿದ್ದಿದ್ದರೆ ಮಲ್ಲಕ್ಕ ಪಗಾರದ ಗಂಡನ ಮನೆಯಲ್ಲಿ ಮೈಕೈ ತುಂಬಿಕೊಂಡು ಇರುತ್ತಿದ್ದಳೇನೋ. ಮತ್ತೆ ಕಸ್ತೂರಿ? ಅಲ್ಲಿಗೆ ಬಂದು ಯೋಚನೆ ನಿಂತುಬಿಡುತ್ತಿತ್ತು.

ಎಪ್ಪತ್ತೊಂಬತ್ತರಲ್ಲಿ ಮೈಲಾರವ್ವ ಹಾಸಿಗೆ ಹಿಡಿದಳು. ಸುದ್ದಿ ತಿಳಿದು ಮಲ್ಲಕ್ಕ ಒಬ್ಬಳೇ ಬಂದಳು. ತಾಯಿಯ ಮೈ ಒರೆಸಿ, ಸೀರೆ ಬದಲಿಸಿ, ಅಂಬಲಿ ಕಾಸಿ ತಂದಳು.

“ಹುಡುಗಿ ಎಲ್ಲೇವ್ವ?” ಎಂದಳು ಮೈಲಾರವ್ವ.

“ಸಾಲಿಗೆ ಹೋಗ್ಯಾಳ.”

ಅವತ್ತು ಐತವಾರ, ಶಾಲೆಗೆ ರಜೆ. ಮೈಲಾರವ್ವ ಮಗಳು ಬಾಯಿಗೆ ಹಿಡಿದ ಅಂಬಲಿಯನ್ನು ಮೆಲ್ಲಗೆ ಕುಡಿದಳು.