ಹದಿನಾರು ಸಾವಿರದ ಮುನ್ನೂರ ಎಂಬತ್ತನಾಲ್ಕು ಏನು?

ಬೆಳಿಗ್ಗೆ ಏಳು ಗಂಟೆ ನಲವತ್ತೆರಡು ನಿಮಿಷಕ್ಕೆ ಆಸ್ಪತ್ರೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಏನಕ್ಕ ನೋಂದಣಿ ಕೌಂಟರಿನ ಹಿಂದಿನ ಕಿರುಕೋಣೆಯಲ್ಲಿದ್ದಳು. ಒಂದು ಕೈಯಲ್ಲಿ ಚಹಾ ಲೋಟ ಹಿಡಿದು, ಇನ್ನೊಂದು ಕೈಯ ಒಂದೇ ಬೆರಳಿನಿಂದ ಸರ್ವರಿನ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಂಖ್ಯೆ ಬರೆದಳು: 16384. ಸೇವ್ ಮಾಡಿ, ಡೇಟಾಬೇಸನ್ನು ನಿಲ್ಲಿಸಿ ಮತ್ತೆ ಶುರು ಮಾಡಿದಳು. ಯಾವ ತಕರಾರೂ ಬರಲಿಲ್ಲ. ನೆಮ್ಮದಿಯಿಂದ ಚಹಾ ಮುಗಿಸಿದಳು.

ಅವಳಿಗೆ ‘ಏನಕ್ಕ’ ಎಂಬ ಅಡ್ಡಹೆಸರು ಬಂದದ್ದು ಒಂದು ಚಟದಿಂದ. ಬರಿಯ ಸಂಖ್ಯೆ ಕಿವಿಗೆ ಬಿದ್ದರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಕೌಂಟರಿನ ಗುಮಾಸ್ತ “ಇನ್ನೂ ಹತ್ತು ಇದೆ” ಎಂದರೆ, “ಹತ್ತು ಏನು? ಜನವೋ, ನಿಮಿಷವೋ?” ಎನ್ನುವಳು. ಮನೆಯಲ್ಲಿ ಅತ್ತೆಯನ್ನೂ ಬಿಟ್ಟವಳಲ್ಲ.

“ಉಪ್ಪು ಒಂದು ಹಾಕಮ್ಮ.”

“ಒಂದು ಏನು ಅತ್ತೆ? ಚಿಟಿಕೆಯೋ, ಚಮಚವೋ, ಮೂಟೆಯೋ?”

“ನನ್ನ ತಲೆ!”

“ಅದು ಒಂದೇ ಇರೋದು. ಅದರಲ್ಲಿ ಗೊಂದಲ ಇಲ್ಲ.”

ಹನ್ನೊಂದು ವರ್ಷದಿಂದ ಅತ್ತೆ ಇದನ್ನು ಹಲ್ಲುಕಚ್ಚಿ ಸಹಿಸಿದ್ದರು.

ಆ ದಿನ ಏನಕ್ಕನ ಕುರ್ಚಿಯೇ ಅಲುಗಾಡುತ್ತಿತ್ತು. ರೋಗಿಯ ಹಳೆಯ ದಾಖಲೆ ಹುಡುಕಲು ಕಂಪ್ಯೂಟರ್ ನಲವತ್ತು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಸಾಲು ಬಾಗಿಲು ದಾಟಿ ಮೆಟ್ಟಿಲು ಇಳಿದಿತ್ತು. ಮೇಲ್ವಿಚಾರಕರು ಹಿಂದಿನ ದಿನವೇ ಖಡಾಖಂಡಿತವಾಗಿ ಹೇಳಿದ್ದರು: “ನಾಳೆ ಮಧ್ಯಾಹ್ನ ಹನ್ನೆರಡರ ಒಳಗೆ ಎರಡು ಸೆಕೆಂಡಿಗೆ ಇಳೀಬೇಕು. ಇಲ್ಲದಿದ್ರೆ ಈ ಕೆಲಸ ಹೊರಗಿನ ಕಂಪನಿಗೆ ಹೋಗುತ್ತೆ, ನೀವು ಹೊದಿಕೆ ಉಗ್ರಾಣಕ್ಕೆ.”

ಏನಕ್ಕನಿಗೆ ರೋಗವೂ ಗೊತ್ತಿತ್ತು, ಮದ್ದೂ ಗೊತ್ತಿತ್ತು. ಡೇಟಾಬೇಸ್ ಎಂದರೆ ಒಬ್ಬ ದಾಖಲೆ ಗುಮಾಸ್ತ ಎಂದುಕೊಳ್ಳಿ. ಮೇಜಿನ ಮೇಲಿರುವ ಕಡತವನ್ನು ಥಟ್ಟನೆ ಕೊಡುತ್ತಾನೆ. ಇಲ್ಲದ್ದಕ್ಕೆ ಗೋದಾಮಿಗೆ ಓಡುತ್ತಾನೆ. ಗೋದಾಮು ಎಂದರೆ ಡಿಸ್ಕ್, ಮೇಜು ಎಂದರೆ ಮೆಮೊರಿ. ಯಂತ್ರದಲ್ಲಿ ಅರವತ್ತನಾಲ್ಕು ಜಿಬಿ ಮೆಮೊರಿ ಇದ್ದರೂ ಡೇಟಾಬೇಸಿನ ಸ್ವಂತ ಮೇಜು ಬರೀ 128 ಎಂಬಿ. ಮಿಕ್ಕ ಜಾಗವನ್ನೆಲ್ಲ ಅದೇ ಯಂತ್ರದಲ್ಲಿ ಓಡಾಡುವ ಎಕ್ಸ್‌ರೇ ಚಿತ್ರಗಳು ನುಂಗುತ್ತಿದ್ದವು. ಪೂರ್ತಿ ಮೆಮೊರಿಯನ್ನು ಡೇಟಾಬೇಸಿಗೇ ಕೊಟ್ಟರೆ ಯಂತ್ರಕ್ಕೆ ಉಸಿರುಗಟ್ಟಿ, ಅದು ಡೇಟಾಬೇಸನ್ನೇ ಕೊಂದುಬಿಡುತ್ತದೆ. ಕಾಲು ಭಾಗ ಕೊಟ್ಟರೆ ಎಲ್ಲರಿಗೂ ಕ್ಷೇಮ. ಅಂದರೆ ಹದಿನಾರು ಜಿಬಿ, ಅಂದರೆ 16384 ಎಂಬಿ.

ಎಂಟಕ್ಕೆ ಕೌಂಟರ್ ತೆರೆಯಿತು. ಮೊದಲ ಹುಡುಕಾಟ: ನಲವತ್ತೊಂದು ಸೆಕೆಂಡು.

“ಮೇಜು ಈಗಷ್ಟೇ ಹಾಕಿದ್ದೀನಿ, ಕಡತ ತುಂಬ್ಲಿ” ಎಂದಳು ಏನಕ್ಕ. ಒಂಬತ್ತಕ್ಕೆ ನಲವತ್ತು. ಹತ್ತಕ್ಕೂ ನಲವತ್ತು.

“ಅಕ್ಕಾ,” ಎಂದ ಗುಮಾಸ್ತ, “ಉಗ್ರಾಣದಲ್ಲಿ ಹೊದಿಕೆ ಎಣಿಸೋದೂ ಒಳ್ಳೇ ಕೆಲಸವೇ. ಬೆಚ್ಚಗಿರುತ್ತೆ.”

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಫೋನ್ ಬಂತು. ಅತ್ತೆ.

“ಏನಮ್ಮಾ, ಕೆಮ್ಮಿನ ಔಷಧಿ ಬಾಟ್ಲಿಗೆ ಚೀಟಿ ಅಂಟಿಸಿ ಹೋಗಿದ್ದೀಯಲ್ಲ.”

“ಹೌದು ಅತ್ತೆ. ಕುಡಿದ್ರಾ?”

“ಹೇಗೆ ಕುಡೀಲಿ? ‘ಹನ್ನೊಂದು ಗಂಟೆಗೆ ಐದು’ ಅಂತ ಬರೆದಿದ್ದೀಯ.” ಅತ್ತೆ ಉಸಿರೆಳೆದುಕೊಂಡರು. ಅದು ಹನ್ನೊಂದು ವರ್ಷ ಕಾದಿಟ್ಟ ಉಸಿರು. “ಐದು ಏನು? ಹನಿಯೋ, ಚಮಚವೋ, ಬಾಟ್ಲಿಯೋ?”

ಏನಕ್ಕ ಬಾಯಿ ತೆರೆದಳು. ಆಗ ಅವಳ ಕಣ್ಣು ಪರದೆಯ ಮೇಲಿದ್ದ ಆ ಸಾಲಿಗೆ ಬಿತ್ತು. 16384. ಅದರ ಮುಂದೆ ಖಾಲಿ.

“ಏನು ಅಂತ ಬರೆದೇ ಇಲ್ಲ!” ಎಂದು ಚೀರಿ ಫೋನ್ ಇಟ್ಟೇಬಿಟ್ಟಳು.

ಫೈಲಿನಲ್ಲಿ ಅಳತೆ ಬರೆಯದಿದ್ದರೆ ಆ ಡೇಟಾಬೇಸ್ ತಾನೇ ಒಂದು ಅಳತೆ ಇಟ್ಟುಕೊಳ್ಳುತ್ತದೆ: ಎಂಟು ಕೆಬಿಯ ಪುಟ. ಏನಕ್ಕ ಕಾಗದದ ತುಂಡಿನ ಮೇಲೆ ಗುಣಿಸಿದಳು. 16384 ಪುಟ, ಪುಟಕ್ಕೆ ಎಂಟು ಕೆಬಿ. ಉತ್ತರ 128 ಎಂಬಿ. ಮೊದಲಿದ್ದುದೂ ಅಷ್ಟೇ! ಗಾಣದೆತ್ತು ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಂತಿತ್ತು. ಊರಿಗೆಲ್ಲ ಅಳತೆ ಕೇಳುವವಳು ತಾನೇ ಅಳತೆ ಬಿಟ್ಟಿದ್ದಳು, ಅದೂ ಒಂದೇ ಬೆಳಿಗ್ಗೆ ಎರಡು ಸಲ.

ಎಂ, ಬಿ ಎಂದು ಎರಡಕ್ಷರ ಸೇರಿಸಿದಳು. ಆದರೆ ಅದು ಜಾರಿಗೆ ಬರಲು ಡೇಟಾಬೇಸನ್ನು ಮತ್ತೆ ನಿಲ್ಲಿಸಬೇಕು, ಹೊರಗೆ ನೋಡಿದರೆ ಅರವತ್ತು ಜನ.

“ಒಂದು ನಿಮಿಷ ಕಂಪ್ಯೂಟರ್ ನಿಲ್ಲುತ್ತೆ!” ಎಂದು ಗುಮಾಸ್ತ ಕೂಗಿದ.

ಸಾಲಿನ ಮುಂದೆ ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದ ಮುದುಕರು ಕೇಳಿದರು: “ನಿಮ್ಮ ಒಂದು ನಿಮಿಷ ಅಂದ್ರೆ ಎಷ್ಟು ನಿಮಿಷಪ್ಪಾ?”

“ಅದನ್ನ ಒಳಗಿರೋ ಅಕ್ಕನ್ನೇ ಕೇಳಿ ತಾತ. ಅವರಿಗೆ ಅಂಥ ಪ್ರಶ್ನೆ ಅಂದ್ರೆ ಪ್ರಾಣ.”

ಐವತ್ತು ಸೆಕೆಂಡಿಗೆ ಡೇಟಾಬೇಸ್ ಎದ್ದಿತು. ತಾತನ ದಾಖಲೆಗೆ ಮೂವತ್ತೆಂಟು ಸೆಕೆಂಡು. ಏನಕ್ಕ ಉಗುರು ಕಚ್ಚಿದಳು. ಮೇಜಿನ ಮೇಲೆ ಕಡತಗಳು ಒಂದೊಂದಾಗಿ ಬಂದು ಕೂರತೊಡಗಿದವು. ಹತ್ತನೆಯವರಿಗೆ ಹದಿನಾಲ್ಕು ಸೆಕೆಂಡು, ಇಪ್ಪತ್ತೈದನೆಯವರಿಗೆ ಮೂರು.

ಹನ್ನೆರಡಕ್ಕೆ ನಾಲ್ಕು ನಿಮಿಷವಿರುವಾಗ ಮೇಲ್ವಿಚಾರಕರು ಬಂದರು. ಕೈಯಲ್ಲಿ ಉಗ್ರಾಣದ ಬೀಗದ ಕೈ.

“ಎಷ್ಟಕ್ಕೆ ಬಂತು?”

ಗುಮಾಸ್ತ ಮುಂದಿನವರ ಹೆಸರು ಟೈಪ್ ಮಾಡಿ ಗುಂಡಿ ಒತ್ತಿದ. ಅವನು ಕೈ ಎತ್ತುವ ಮೊದಲೇ ದಾಖಲೆ ತೆರೆದುಕೊಂಡಿತ್ತು.

“ಒಂದಕ್ಕಿಂತ ಕಡಿಮೆ” ಎಂದಳು ಏನಕ್ಕ.

“ಒಂದು ಏನು?” ಎಂದ ಗುಮಾಸ್ತ, ಅತಿ ವಿನಯದಿಂದ.

ಮೇಲ್ವಿಚಾರಕರು ನಗು ತಡೆಯಲಾರದೆ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಸಂಜೆ ಆರಕ್ಕೆ ಅವಳು ಮನೆ ಬಾಗಿಲು ತೆಗೆದಾಗ ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತು ಕೆಮ್ಮುತ್ತಿದ್ದರು. ಒಂದು ಕೈಯಲ್ಲಿ ಬಾಟ್ಲಿ, ಇನ್ನೊಂದರಲ್ಲಿ ಚಮಚ.

“ಅಯ್ಯೋ ಅತ್ತೆ, ಇನ್ನೂ ಕುಡಿದಿಲ್ವಾ?”

“ಅಳತೆ ಗೊತ್ತಿಲ್ಲದೆ ಏನನ್ನೂ ಮುಟ್ಟಬಾರದು ಅಂತ ಪಾಠ ಹೇಳಿದೋಳು ನೀನೇ ತಾನೆ? ಪ್ರಶ್ನೆ ಕೇಳಿದ್ರೆ ಚೀರಿ ಫೋನ್ ಇಟ್ಟೆ. ಈಗ ಹೇಳು. ಪೂರ್ತಿ ಹೇಳು.”

ಏನಕ್ಕ ಚೀಲ ಕೆಳಗಿಟ್ಟಳು. ಔಷಧಿಯನ್ನು ಅಳತೆಯ ಮುಚ್ಚಳಕ್ಕೆ ಸುರಿದು, ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ, ಪಕ್ಕದ ಮನೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

“ಅತ್ತೆ, ಐದು ಮಿಲಿಲೀಟರ್.”